ಗುಂಡಿ ಅಜ್ಜಿಯ ನಿಧಾನ

ಅಮ್ಮ ತೀರಿಕೊಂಡ ಮೇಲೆ ಶಾಲೆಯವರು ಅವಳ ನೆನಪಿಗೆ ಒಂದು ಸಣ್ಣ ಸಭೆ ಇಟ್ಟುಕೊಂಡರು. ಶುಕ್ರವಾರ ಬೆಳಿಗ್ಗೆ, ಮಕ್ಕಳೆಲ್ಲ ಅಂಗಳದಲ್ಲಿ ಸೇರುವ ಹೊತ್ತಿಗೆ. ಮನೆಯವರ ಪೈಕಿ ಯಾರಾದರೂ ಎರಡು ಮಾತಾಡಬೇಕು ಎಂದಾಗ ಮೂವರು ತಮ್ಮಂದಿರೂ ಅದನ್ನು ಅಕ್ಕನ ಹೆಗಲಿಗೆ ಹೊರಿಸಿ ಕೈ ತೊಳೆದುಕೊಂಡರು.

"ನರ್ಸ್ ಆಗಿದ್ದಾಗ ದೊಡ್ಡ ದೊಡ್ಡ ಡಾಕ್ಟರುಗಳ ಬಾಯಿ ಮುಚ್ಚಿಸಿದೋಳು ನೀನು. ಮಕ್ಕಳ ಮುಂದೆ ಮಾತಾಡೋಕೆ ಏನು ಧಾಡಿ?" ಎಂದು ಕೊನೆಯ ತಮ್ಮ ಛೇಡಿಸಿದ.

ಅಕ್ಕ ಒಪ್ಪಿಕೊಂಡಳು. ಹೇಳಲು ತನ್ನ ಬಳಿ ಏನೂ ಇಲ್ಲ ಎಂಬುದು ಒಪ್ಪಿಕೊಂಡ ಮೇಲೆ ಗೊತ್ತಾಯಿತು. ಶಾಲೆಯವರಿಗೆ ಬೇಕಾದದ್ದು ಗುಂಡಿ ಅಜ್ಜಿಯ ಕಥೆ. ಅಕ್ಕನಿಗೆ ಗೊತ್ತಿದ್ದದ್ದು ಅಮ್ಮ. ಆ ಇಬ್ಬರೂ ಒಬ್ಬಳೇ ಹೆಂಗಸು ಎಂದು ಅವಳಿಗೆ ಯಾವತ್ತೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಅವಳು ಕಂಡ ಅಮ್ಮನ ಹಲ್ಲಿನ ನಡುವೆ ಸದಾ ದಾರ ಇರುತ್ತಿತ್ತು. ಅಪ್ಪ ಲಾರಿ ಓಡಿಸುತ್ತಿದ್ದರು. ವಾರಗಟ್ಟಲೆ ಮನೆ ಸೇರುತ್ತಿರಲಿಲ್ಲ. ಸಿದ್ಧ ಉಡುಪಿನ ಅಂಗಡಿಯಿಂದ ಬೆಳಿಗ್ಗೆ ಗುಂಡಿಯಿಲ್ಲದ ಅಂಗಿಗಳ ಗಂಟು ಬರುತ್ತಿತ್ತು; ಸಂಜೆಯೊಳಗೆ ಅವಕ್ಕೆಲ್ಲ ಗುಂಡಿ ಹೊಲಿದು ವಾಪಸ್ಸು ಕಳಿಸಬೇಕಿತ್ತು. ಅಮ್ಮ ಗೋಡೆಗೆ ಒರಗಿ, ಗುಂಡಿಗಳ ತಟ್ಟೆಯನ್ನು ಪಕ್ಕಕ್ಕೆಳೆದುಕೊಂಡು ಕೂತರೆ, ಕೈಯ ವೇಗಕ್ಕೆ ಸೂಜಿಯೇ ಕಣ್ಣಿಗೆ ಕಾಣುತ್ತಿರಲಿಲ್ಲ. ನಾಲ್ಕು ಹೊಲಿಗೆ, ಎರಡು ಸುತ್ತು, ಒಂದು ಗಂಟು, ಹಲ್ಲಲ್ಲಿ ದಾರ ಕಟ್. "ಅಮ್ಮಾ, ಇವತ್ತು ಶಾಲೇಲಿ..." ಎಂದು ಯಾವ ಮಗು ಶುರು ಮಾಡಿದರೂ ದಾರ ಕಚ್ಚಿದ ಬಾಯಿಂದ ಬರುತ್ತಿದ್ದದ್ದು ಒಂದು "ಹ್ಞೂಂ". ಅದಕ್ಕೆ ಹೌದು ಎಂದೂ ಅರ್ಥ, ಅಲ್ಲ ಎಂದೂ ಅರ್ಥ, ಆಚೆ ಹೋಗಿ ಆಡಿಕೋ ಎಂದೂ ಅರ್ಥ. ನಾಲ್ಕು ಹೊಟ್ಟೆ ತುಂಬಿದ್ದು ಆ ವೇಗದಿಂದಲೇ ಎಂಬುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ.

ಮಕ್ಕಳೆಲ್ಲ ಒಂದೊಂದು ದಡ ಸೇರಿದ ಮೇಲೆ ಅಂಗಿಯ ಗಂಟುಗಳು ನಿಂತವು. ಆಮೇಲೆ ಅಕ್ಕನ ಮಗಳನ್ನು ಶಾಲೆಗೆ ಸೇರಿಸಿದ ದಿನ ಬಂತು. ಮಗು ಅಜ್ಜಿಯ ಕೈ ಬಿಡಲೊಲ್ಲದು. ಅಳು ನಿಲ್ಲುವವರೆಗೆ ಕೂತಿರಿ ಎಂದು ಮೇಡಂ ಒಬ್ಬರು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸ್ಟೂಲು ಹಾಕಿಕೊಟ್ಟರು. ಮಗುವಿನ ಅಳು ಒಂದೇ ವಾರಕ್ಕೆ ನಿಂತಿತು. ಅಜ್ಜಿ ಮಾತ್ರ ಇಪ್ಪತ್ತು ವರ್ಷ ದಾಟಿದರೂ ಸ್ಟೂಲು ಬಿಟ್ಟು ಏಳಲಿಲ್ಲ. ಯಾರದೋ ಅಂಗಿಗೆ ಗುಂಡಿ ಹೊಲಿದುಕೊಟ್ಟಳಂತೆ, ಮಾರನೆಯ ದಿನ ಇನ್ನಿಬ್ಬರು ಬಂದರಂತೆ, ಹಾಗೇ ಗುಂಡಿ ಅಜ್ಜಿ ಎಂಬ ಹೆಸರು ಬಿತ್ತಂತೆ. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಗುಂಡಿ ಅಜ್ಜಿ ಎಂದರೆ ಎಲ್ಲೋ ಗುಂಡಿಗೆ ಬಿದ್ದು ಬದುಕಿ ಬಂದ ಅಜ್ಜಿ ಇರಬೇಕೆಂದು ತಿಳಿದು, ತಿಂಗಳುಗಟ್ಟಲೆ ಅವಳನ್ನು ಕಂಡಾಗಲೆಲ್ಲ ಕೈ ಹಿಡಿದು ಮೆಟ್ಟಿಲು ದಾಟಿಸುತ್ತಿದ್ದರಂತೆ. ಅಮ್ಮ ಅವರನ್ನು ತಿದ್ದಲಿಲ್ಲ. "ಪಾಪ, ಅಷ್ಟು ಪ್ರೀತಿಯಿಂದ ಕೈ ಹಿಡೀತಾರೆ" ಎನ್ನುತ್ತಿದ್ದಳು.

ಅಕ್ಕನಿಗೆ ತಿಳಿದದ್ದು ಇಷ್ಟೇ, ಅದೂ ಅಂತೆ ಕಂತೆ. ಬುಧವಾರ ಅಮ್ಮನ ಸಾಮಾನು ತರುವ ನೆಪದಲ್ಲಿ ಅವಳು ಶಾಲೆಗೆ ಹೋದಳು. ಗೇಟು ಕಾಯುವ ಮುದುಕ ಬೀಗ ತೆಗೆದುಕೊಟ್ಟ. ಸ್ಟೂಲಿನ ಮೇಲೆ ಒಂದು ಚೂರೂ ಧೂಳಿರಲಿಲ್ಲ. ಅವನು ದಿನವೂ ಒರೆಸುತ್ತಿದ್ದಿರಬೇಕು. ಕೇಳಿದರೆ ಅವನಿಗೆ ಮುಜುಗರವಾದೀತೆಂದು ಅಕ್ಕ ಕೇಳಲಿಲ್ಲ.

ಮುಖ್ಯೋಪಾಧ್ಯಾಯಿನಿ ತಾವೇ ಇಳಿದು ಬಂದರು. ಬಂದವರು ಮಕ್ಕಳ ಕಿತಾಪತಿಯನ್ನು ಹೇಳಿಕೊಂಡು ನಕ್ಕರು. ಅಜ್ಜಿಯ ಹತ್ತಿರ ನಿಲ್ಲಬೇಕೆಂದೇ ಮಕ್ಕಳು ಗುಂಡಿ ಕಿತ್ತುಕೊಳ್ಳುತ್ತಿದ್ದವು. ತಾಯಂದಿರು ಅಂಗಿ ಹೊಲಿದ ದರ್ಜಿಗೆ ಶಾಪ ಹಾಕುತ್ತಿದ್ದರು. ಒಬ್ಬ ತಾಯಿ ರೋಸಿಹೋಗಿ ಗಾಳದ ದಾರದಲ್ಲಿ ಹೊಲಿದು ಕಳಿಸಿದರೆ, ಅವಳ ಮಗಳು ಕಚ್ಚಿ ಕಚ್ಚಿ ಅಲುಗಾಡುವ ಹಲ್ಲನ್ನೇ ಉದುರಿಸಿಕೊಂಡಳು. ಗುಂಡಿ ಮಾತ್ರ ಅಲ್ಲೇ ಇತ್ತು. ಅಜ್ಜಿ ಅವಳಿಗೆ, ಇನ್ನು ಮೇಲೆ ಗುಂಡಿ ಕೀಳದೆಯೇ ಬಾ, ನಾನೇ ಬಿಚ್ಚಿ ಹೊಲಿಯುತ್ತೇನೆ ಎಂದಳಂತೆ. ಶಿಕ್ಷಕರಿಗೆಲ್ಲ ಇದು ಗೊತ್ತಿತ್ತು; ಒಬ್ಬರೂ ಬಾಯಿ ಬಿಡಲಿಲ್ಲ.

"ಆದ್ರೆ ನಿಮ್ಮ ತಾಯಿಗೆ ಕೈ ಸ್ವಲ್ಪ ನಡುಗ್ತಿತ್ತೇನೋ," ಎಂದರು ಮೇಡಂ. "ಒಂದು ಗುಂಡಿಗೆ ಇಡೀ ಊಟದ ಬಿಡುವು ಬೇಕಾಗ್ತಿತ್ತು. ಹೊಲಿಯೋರು, ಸೊಟ್ಟ ಕೂತಿದೆ ಅಂತ ಬಿಚ್ಚೋರು, ಮತ್ತೆ ಹೊಲಿಯೋರು. ಬೇಜಾರಾದೀತು ಅಂತ ನಾವು ಏನೂ ಅಂತಿರ್ಲಿಲ್ಲ."

ಅಕ್ಕನಿಗೆ ನಗು ಬಂತು. "ನಡುಕಾನಾ? ನಮ್ಮಮ್ಮನಿಗಾ? ನೀವು ಈ ಮಾತು ಮುಗಿಸೋದ್ರಲ್ಲಿ ಅವರು ಒಂದು ಅಂಗಿ ಮುಗಿಸೋರು ಮೇಡಂ. ಮೊನ್ನೆ ಮೊನ್ನೆ ನನ್ನ ಸ್ವೆಟರಿಗೆ ಹಾಗೇ ಹೊಲಿದುಕೊಟ್ರು."

ಹೇಳಿ ಮುಗಿಸುವಷ್ಟರಲ್ಲಿ ಅವಳ ನಗು ನಿಂತಿತು. ಹಾಗಾದರೆ ಆ ನಿಧಾನ ಬೇಕೆಂದೇ ಮಾಡಿದ್ದು. ಮೈಮೇಲಿನ ಅಂಗಿಗೆ ಗುಂಡಿ ಹೊಲಿಯುವಾಗ ಮಗು ಓಡುವಂತಿಲ್ಲ, ಮಿಸುಕುವಂತಿಲ್ಲ. ಗದ್ದ ಎತ್ತಿ ನಿಲ್ಲಬೇಕು. ಹಾಗೆ ನಿಂತ ಮಗು ಮಾತಾಡದೆ ಇನ್ನೇನು ಮಾಡೀತು?

ಅಕ್ಕನಿಗೆ ಬಂದದ್ದು ದುಃಖವಲ್ಲ, ಅಪ್ಪಟ ಹೊಟ್ಟೆಕಿಚ್ಚು. ಅರವತ್ತು ದಾಟಿದವಳು ಹಾಲುಹಲ್ಲಿನ ಮಕ್ಕಳ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಗೊತ್ತಿದ್ದೂ ಅದು ಇಳಿಯಲಿಲ್ಲ. ಊರ ಮಕ್ಕಳಿಗೆಲ್ಲ ಹೊರೆಗಟ್ಟಲೆ ಪುರುಸೊತ್ತು, ಹೆತ್ತ ಮಕ್ಕಳಿಗೆ ಮಾತ್ರ ಒಂದು ಹ್ಞೂಂ. ಶುಕ್ರವಾರ ಎದ್ದು ನಿಂತು ಇದನ್ನು ಹೇಳಲೇ?

ಅಷ್ಟರಲ್ಲಿ ಬಾಗಿಲಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮುಷ್ಟಿ ಬಿಗಿದುಕೊಂಡು ನಿಂತಳು. "ಗುಂಡಿ ಅಜ್ಜಿ ಇಲ್ಲ ಅಂತ ಗೊತ್ತು," ಎಂದಳು. "ಆದ್ರೂ ಗುಂಡಿ ಬಿದ್ದೋಯ್ತು."

ಯಾವುದೋ ಫೋನು ಬರುವುದಿದೆ ಎಂದು ಮೇಡಂ ಮೇಲೆ ಹೊರಟುಹೋದರು. ಯಾವ ಫೋನೂ ಬರುವುದಿಲ್ಲವೆಂದು ಅಕ್ಕನಿಗೆ ಗೊತ್ತಾಯಿತು. ಅವಳು ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದಳು. ಅವಳದೂ ಅಮ್ಮನ ಕೈಯೇ. ನೋಡನೋಡುತ್ತಿದ್ದಂತೆ ಕೆಲಸ ಮುಗಿಯಿತು. ಹುಡುಗಿ ಗದ್ದ ಇಳಿಸಿ ಗುಂಡಿ ನೋಡಿಕೊಂಡಳು.

"ಆಯ್ತಾ?"

"ಆಯ್ತು ಪುಟ್ಟಿ."

ಹುಡುಗಿ ಕದಲಲಿಲ್ಲ. ದೂರಲೂ ಇಲ್ಲ. ಹೊಸದಾಗಿ ಅಂಗಡಿ ತೆರೆದವರ ಮುಂದೆ ನಿಂತ ಹಳೆಯ ಗಿರಾಕಿಯ ಹಾಗೆ ಸಂಕೋಚದಿಂದ ನಿಂತೇ ಇದ್ದಳು.

ಅಕ್ಕ ಕತ್ತರಿ ತೆಗೆದುಕೊಂಡಳು. "ಯಾಕೋ ಸೊಟ್ಟ ಕೂತಿದೆ. ಬಿಚ್ಚಲಾ?"

"ಸೊಟ್ಟಾನೇ ಇದೆ," ಎಂದು ಹುಡುಗಿ ತಕ್ಷಣ ಗದ್ದ ಎತ್ತಿದಳು. ಗುಂಡಿ ನೆಟ್ಟಗೇ ಇತ್ತು.

ಎರಡನೆಯ ಸಲ ಅಕ್ಕ ನಿಧಾನವಾಗಿ ಹೊಲಿದಳು. ಬಿಚ್ಚಿದ ದಾರವನ್ನು ಎಳೆ ಎಳೆಯಾಗಿ ಆರಿಸಿ ತೆಗೆದಳು. ಹುಡುಗಿ ಚಾವಣಿ ನೋಡುತ್ತಾ ತನ್ನ ಗೆಳತಿ ಬೇರೆ ಬೆಂಚಿಗೆ ಹೋಗಿ ಕೂತಿದ್ದಾಳೆಂದೂ, ಯಾಕೆಂದು ಕೇಳಲು ತನಗೆ ಭಯವೆಂದೂ, ಕೇಳಿದರೆ ನಿಜ ಹೇಳಿಬಿಟ್ಟಾಳೆಂದೂ ಹೇಳತೊಡಗಿದಳು.

ಆ ಎತ್ತಿದ ಗದ್ದದ ಕೆಳಗೆ ಕೈ ಆಡಿಸುತ್ತಿರುವಾಗಲೇ ಅಕ್ಕನಿಗೆ ತನ್ನ ಬಿಳಿ ಕೋಟು ನೆನಪಾಯಿತು. ನರ್ಸಿಂಗ್ ಕಲಿಯಲು ಊರು ಬಿಟ್ಟ ಬೆಳಿಗ್ಗೆ. ದರ್ಜಿ ಹೊಲಿದ ಗುಂಡಿಗಳು ಗಟ್ಟಿಯಾಗಿಯೇ ಇದ್ದವು. ಅಮ್ಮ ಒಂದೊಂದನ್ನೂ ಕತ್ತರಿಸಿ, ಕೋಟನ್ನು ಅವಳ ಮೈಮೇಲೆ ಹಾಕಿ ಬಾಗಿಲ ಬಳಿ ನಿಲ್ಲಿಸಿ, ದರ್ಜಿಯ ಹೊಲಿಗೆ ನಂಬಬಾರದು ಎಂದು ಮೊದಲಿಂದ ಹೊಲಿಯತೊಡಗಿದಳು. ಅಂಗಿಗಳ ಗಂಟು ಮೂಲೆಯಲ್ಲಿ ಬಿಚ್ಚದೆ ಬಿದ್ದಿತ್ತು. ಬಸ್ಸು ಹೋಗುತ್ತದೆಂದು ಅಕ್ಕ ಸಿಡುಕಿದಳು. ಸಿಡುಕು ಮುಗಿದ ಮೇಲೆ, ರಕ್ತ ಕಂಡರೆ ತನಗೆ ತಲೆ ಸುತ್ತುತ್ತದೆಂದು ಹೇಳಿದಳು. ಹಾಸ್ಟೆಲಿನಲ್ಲಿ ಗುರುತಿಲ್ಲದವರ ನಡುವೆ ಇರಬೇಕು ಎಂದಳು. ಕೊನೆಗೆ, ಆಗದೆ ವಾಪಸ್ಸು ಬಂದುಬಿಟ್ಟರೆ ಎಂದು ಕೇಳಿದಳು.

"ಬಂದ್ರೆ ಬಾ," ಎಂದಿದ್ದಳು ಅಮ್ಮ. "ಬಾಗಿಲು ಎಲ್ಲಿಗೆ ಹೋಗುತ್ತೆ?"

ಇಷ್ಟು ವರ್ಷ ಅಕ್ಕ ಆ ದಿನವನ್ನು, ಅಮ್ಮನ ಹಟಕ್ಕೆ ಬಸ್ಸು ತಪ್ಪುವುದರಲ್ಲಿದ್ದ ತಮಾಷೆಯ ಕಥೆಯಾಗಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಗಂಟೆ ಹೊಡೆಯಿತು. ಹುಡುಗಿ ಗುಂಡಿ ಮುಟ್ಟಿ ನೋಡಿಕೊಂಡು ಓಡಿದಳು. ಅಕ್ಕ ಅಲ್ಲೇ ಕೂತು ಕೊನೆಯ ತಮ್ಮನಿಗೆ ಫೋನ್ ಮಾಡಿ, ಅಮ್ಮ ಯಾವತ್ತಾದರೂ ಅವನ ಗುಂಡಿ ಬಿಚ್ಚಿ ಹೊಲಿದದ್ದುಂಟೇ ಎಂದು ಕೇಳಿದಳು.

"ನನ್ನ ಮದುವೆ ದಿನ," ಎಂದ ತಮ್ಮ. "ಎಲ್ರೂ ಹೊರಗೆ ಕಾಯ್ತಿದ್ರು, ಅಮ್ಮ ನನ್ನ ಕೋಟಿನ ಗುಂಡಿ ಸೊಟ್ಟ ಇದೆ ಅಂತ ಕೂತಳು. ನಾನು ಬೈದೆ ಕೂಡ. ಯಾಕೆ, ನಿಂಗೂ ಮಾಡಿದ್ಲಾ?"

"ಆಗ ನೀನೇನು ಮಾತಾಡ್ದೆ?"

ಛೇಡಿಸುವ ದನಿ ಎಲ್ಲಿ ಹೋಯಿತೋ. "ತಡಿ ಅಕ್ಕಾ, ಬಾಗಿಲು ಹಾಕ್ಕೊಂಡು ಬರ್ತೀನಿ," ಎಂದ. ಬಾಗಿಲು ಹಾಕಿದ್ದು, ಕುರ್ಚಿ ಎಳೆದದ್ದು ಅವಳಿಗೆ ಕೇಳಿಸಿತು. ಆಮೇಲೆ ಅವನು ಶುರು ಮಾಡಿದ.

ಶುಕ್ರವಾರ ಏನು ಹೇಳಬೇಕೆಂಬುದು ಅಕ್ಕನಿಗೆ ಈಗ ಗೊತ್ತಿತ್ತು. ಉಳಿದ ಇಬ್ಬರು ತಮ್ಮಂದಿರಿಗೂ ಫೋನ್ ಮಾಡಿ ಕೇಳಬೇಕಿತ್ತು. ಅವಸರವೇನೂ ಇರಲಿಲ್ಲ.