ಏಸಿಯೊಳಗಿನ ಲಾಡಿ

ಟಪ್ ಎಂದು ಇನ್ನೊಂದು ಹನಿ ಬೋಸಿಗೆ ಬಿತ್ತು, ಗೋಡೆಯ ಮೇಲೆ ಮೆರೆಯುತ್ತಿರುವ ಏಸಿಯ ಬಾಯಿಂದ, ನೀರು ಧಾರಾಳ, ಗಾಳಿ ಮಾತ್ರ ಸೊನ್ನೆ, ಹೊರಗೆ ಕಾಂಪೌಂಡಿನಲ್ಲಿ ಕಂಪ್ರೆಸರ್ ಗುರ್ರೆನ್ನುತ್ತಿದೆ, ಒಳಗೆ ಫ್ಯಾನಿನ ಮೋಟರು ಮ್ಮ್ ಮ್ಮ್ ಎಂದು ತಿಣುಕುತ್ತಿದೆ, ತಿರುಗಲೊಲ್ಲದು — ತಿರುಗುವುದಾದರೂ ಹೇಗೆ, ಅದರ ಉರುಳೆಗೆ ಸುತ್ತಿಕೊಂಡಿರುವುದು ಶಿವಶಂಕರನ ಚಡ್ಡಿಯ ಲಾಡಿ, ಈ ಸಂಗತಿ ಇಡೀ ಹುಣಸೂರಿನಲ್ಲಿ ಗೊತ್ತಿರುವುದು ಅವನೊಬ್ಬನಿಗೇ, ಅವನೋ ಸೋಫಾದ ಮೇಲೆ ಸರಸರ ಎನ್ನುವ ಹೊಸ ಪಂಚೆಯಲ್ಲಿ ಕೂತಿದ್ದಾನೆ, ಮದುವೆಯಾದ ಮೇಲೆ ಮೊದಲ ಯುಗಾದಿಗೆ ಮಾವನ ಮನೆಗೆ ಬಂದ ಹೊಸ ಅಳಿಯ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಬ್ಬಟ್ಟು, ಬಾಯಿ ಒಣಗಿ ತುತ್ತು ಇಳಿಯುತ್ತಿಲ್ಲ. ಎಲ್ಲ ಆದದ್ದು ಮಾನ ಉಳಿಸಿಕೊಳ್ಳಲು ಹೋಗಿಯೇ, ಹಿತ್ತಲ ತಂತಿಯ ಮೇಲೆ ಅತ್ತೆಯ ಸೀರೆ, ಮಾವನ ಜುಬ್ಬ, ಅದರಾಚೆ ಪಕ್ಕದ ಮನೆಯವರ ಕಣ್ಣು, ಅಲ್ಲಿ ತನ್ನ ಪಟಾಪಟಿ ಚಡ್ಡಿ ಹರವುವುದುಂಟೇ, ಛೆ, ಅದಕ್ಕೇ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಗುಟ್ಟಾಗಿ ಒಗೆದು, ಕೋಣೆಗೆ ತಂದು, ಏಸಿಯ ಬಾಯಿಗೆ ನೇತುಹಾಕಿದ, ಗಾಳಿಗೇನು ಬರವೇ, ಕಾಫಿ ಕುಡಿದು ಬರುವಷ್ಟರಲ್ಲಿ ಒಣಗೀತು ಅಂದುಕೊಂಡ, ಎಂಥ ಬುದ್ಧಿವಂತ, ಕರ್ರ್ ಎಂದಿತು, ಓಡಿಬಂದು ಎಳೆದರೆ ಚಡ್ಡಿ ಕೈಗೆ ಬಂತು, ಲಾಡಿ ಒಳಗೇ ಉಳಿಯಿತು. ತಾನೇ ಬಿಚ್ಚಿ ತೆಗೆದುಬಿಡುತ್ತಿದ್ದ, ಕೆ.ಆರ್.ನಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು, ಚುಂಚನಕಟ್ಟೆ ಕಡೆಯ ಎಷ್ಟು ಮೋಟರುಗಳ ಹೊಟ್ಟೆ ಬಗೆದಿಲ್ಲ, ನಾನೇ ನೋಡ್ತೀನಿ ಇರಿ ಅತ್ತೆ ಎಂದು ಸ್ಟೂಲಿಗೆ ಕಾಲಿಟ್ಟದ್ದೇ ತಡ ಪ್ರೇಮಮ್ಮ ಹೌಹಾರಿದರು, ಶಿವಶಿವಾ, ಇಳೀರಿ ಇಳೀರಿ, ವರ್ಸ ತುಂಬದ ಅಳಿಯನ ಕೈಲಿ ಗೇಯಿಸ್ಕತಾವ್ರೆ ಅಂತ ಬೀದಿ ಜನ ಉಗೀತಾರೆ, ನೀವು ಒಬ್ಬಟ್ಟು ತಿನ್ನಿ. ಮರ್ಯಾದೆಯೋ ಮರ್ಯಾದೆ, ಒಂದು ಲೋಟ ನೀರನ್ನೂ ತಾನೇ ಎತ್ತಿಕೊಳ್ಳಲು ಬಿಡರು. ಆ ಲಾಡಿ ಹೊರಗೆ ಬಂತೋ ಮುಗಿಯಿತು, ಸಾಯುವ ತನಕ ಈ ಮನೆಯಲ್ಲಿ ಅವನು ಲಾಡಿ ಅಳಿಯ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ, ಲಾಡಿಗೆ ಹೋದದ್ದು ಏನು ಕೊಟ್ಟರೆ ಬಂದೀತು.

ಸ್ಟೂಲಿನ ಮೇಲೆ ಈಗ ಬಿಳಿಕೆರೆಯ ಮಾದೇಶ, ಫ್ರಿಜ್ಜು ಏಸಿ ರಿಪೇರಿಯವನು, ಹಬ್ಬದ ದಿನ ಬಂದದ್ದೇ ದೊಡ್ಡ ಉಪಕಾರ ಎಂಬ ಮುಖ, ಕೆಳಗೆ ಕೈ ಹಿಂದೆ ಕಟ್ಟಿ ಮಾವ ಬೆಟ್ಟಸ್ವಾಮಿ, ಹೊಗೆಸೊಪ್ಪಿನ ವ್ಯಾಪಾರಿ, ಬೀದಿಗೆಲ್ಲ ಮೊದಲ ಏಸಿಯ ಯಜಮಾನ, ನೀವೂ ಮೋಟ್ರುನೋರೇ ಅಲ್ವಾ ಅಳಿಯಂದ್ರೆ, ಏನಿರಬೋದು — ಕೆಪಾಸಿಟರ್ ಮಾವ, ಕೆಪಾಸಿಟರೇ, ಅನುಮಾನವೇ ಬೇಡ. ಬಾಯಿಗೆ ಬಂದದ್ದು ಒದರಿದ, ಆದರೂ ಪೂರಾ ಸುಳ್ಳಲ್ಲ, ಮೋಟರು ತಿಣುಕಿ ತಿರುಗದಿದ್ದರೆ ಯಾರಾದರೂ ಮೊದಲು ಅನುಮಾನಿಸುವುದು ಅದನ್ನೇ, ಮಾದೇಶ ಚೀಲದಿಂದ ಹೊಸದೊಂದು ತೆಗೆದು ಹಾಕಿದ, ಸ್ವಿಚ್ಚೊತ್ತಿದ, ಮ್ಮ್ ಮ್ಮ್. ಹಂಗಾದ್ರೆ ವೈಂಡಿಂಗ್ ಸುಟ್ಟಿರುತ್ತೆ ಮಾದೇಶಣ್ಣ, ಮೋಟರೇ ಬಿಚ್ಚಿ ಕೊಡಿ, ನಮ್ಮಂಗಡಿಗೆ ತಗೊಂಡು ಹೋಗ್ತೀನಿ — ಮಾದೇಶ ಮೀಟರಿನ ಕಡ್ಡಿ ಇಟ್ಟು ನೋಡಿದ, ವೈಂಡಿಂಗು ಕಲ್ಲಿದ್ದಂಗದೆ ಸಾ. ಥೂ, ಹಾಳಾದ ಮೋಟರು, ಅವನ ಅಂಗಡಿಗೆ ಬರುವವುಗಳಲ್ಲಿ ಒಂದಾದರೂ ಸುಡದೆ ಬರುತ್ತದೆಯೇ, ಇದಕ್ಕೇನು ಬಂತು ದೊಡ್ಡ ರೋಗ. ಬೋರ್ಡು ಹೋಗಿರುತ್ತೆ, ಮೈಸೂರಿಗೆ ಕಳಿಸ್ಬೇಕು, ಇವತ್ತಿಗೆ ಮುಚ್ಚಿಬಿಡಿ, ಊಟ ಮಾಡಿ ಹೋಗುವಿರಂತೆ — ಬೋರ್ಡಿಂದ ಕರೆಂಟು ನೆಟ್ಟಗೆ ಬತ್ತಾ ಅದೆ, ನೀವು ಪಂಪ್‌ಸೆಟ್ನೋರು, ಸುಮ್ಕಿರಿ ಸಾ. ಬಾಗಿಲ ಹತ್ತಿರ ಹೆಂಡತಿ ಆಶಾರಾಣಿ, ಇವನನ್ನೇ ನೋಡುತ್ತಿದ್ದಾಳೆ, ಯಾಕ್ರೀ ಇಷ್ಟು ಬೆವೀತಿದ್ದೀರ — ಏಸಿ ಕೆಟ್ಟದೆಯಲ್ಲ, ಅದಕ್ಕೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕರೆಂಟಾದರೂ ಹೋಗಬಾರದೇ, ಬೇಡವೆಂದಾಗ ದಿನಕ್ಕೆ ನೂರು ಸಲ ಹೋಗುತ್ತದೆ, ಇವತ್ತು ಹಬ್ಬವೆಂದು ಅದಕ್ಕೂ ಮರ್ಯಾದೆ. ಮಾದೇಶ ಮೈನ್ ಆಫ್ ಮಾಡಿ, ಏಸಿಯ ಬಾಯೊಳಗೆ ಬೆರಳು ತೂರಿಸಿ, ಉರುಳೆಯನ್ನು ಅತ್ತ ಒತ್ತಿದ, ಇತ್ತ ಒತ್ತಿದ, ಬೆರಳು ಅಲ್ಲೇ ನಿಂತಿತು. ಮೋಟ್ರು ತಪ್ಪೇನಿಲ್ಲ ಕಣ್ ಸಾ, ಏನೋ ಸುತ್ಕಂಡದೆ, ಇಲಿ ಬಾಲವೋ ಏನೋ.

ಇಲಿಯ ಬಾಲವೇ ಆಗಿರಲಿ ದೇವರೇ, ಹಾವೇ ಆಗಿರಲಿ, ಮಾದೇಶ ಮುಚ್ಚಳ ಬಿಚ್ಚಿದ, ಉರುಳೆಯನ್ನು ಹಿಂದಕ್ಕೆ ತಿರುವಿ ತಿರುವಿ ಎಳೆದ, ಬಂತು, ಒಂದು ಮೊಳ, ಇನ್ನೂ ಒಂದು ಮೊಳ, ಹುರಿಗಟ್ಟಿ ಮಾಸಿದ ಬಿಳಿ ನೂಲು, ತುದಿಗೊಂದು ಗಂಟು, ಶಿವಶಂಕರ ಕಣ್ಣು ಮುಚ್ಚಿದ, ಈಗ ನಗುತ್ತಾರೆ, ಇದೋ ಈಗ — ಯಾರೂ ನಗಲಿಲ್ಲ. ಅಯ್ಯೋ ಶಿವನೇ, ಶಿವದಾರ, ಎಂದರು ಪ್ರೇಮಮ್ಮ. ಮನೆಯವರೆಲ್ಲರ ಕೈಯೂ ಎದೆಗೆ ಹೋಯಿತು, ಲಿಂಗದ ಕರಡಿಗೆಗೆ ಕಟ್ಟಿದ ದಾರ ಕೊರಳಲ್ಲಿ ಇದೆಯೋ ಇಲ್ಲವೋ ಎಂದು, ಮಾವನದು ಇತ್ತು, ಆಶಾರಾಣಿಯದು ಇತ್ತು, ಅತ್ತೆಯದೂ ಇತ್ತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಶಿವಶಂಕರನ ಕೈ ಮಾತ್ರ ಸೊಂಟಕ್ಕೆ ಹೋಗಿತ್ತು, ಸರ್ರನೆ ಎದೆಗೇರಿಸಿದ, ಅವನದೂ ಇತ್ತು. ಹಾಗಾದರೆ ಇದು ಯಾರದು, ಎಂದರು ಮಾವ. ಯಾರದ್ದಾದರೂ ಆಗಲಿ, ಶಿವದಾರ, ಆಹಾ, ಎಂಥ ಒಳ್ಳೆಯ ಮಾತು ಆಡಿದಿರಿ ಅತ್ತೆ, ಬದುಕಿದೆ, ಎಂದುಕೊಂಡ, ಒಬ್ಬಟ್ಟಿನ ತುತ್ತೊಂದು ಆರಾಮಾಗಿ ಗಂಟಲಲ್ಲಿ ಇಳಿಯುತ್ತಿರುವಾಗ ಪ್ರೇಮಮ್ಮ ಗೋಡೆ ಹಿಡಿದು ಕುಸಿದು ಕೂತರು. ಅತ್ತೇದು ಕಣ್ರೀ ಇದು, ನಿಮ್ಮವ್ವಂದು, ಮಣ್ಣಿಗಿಡುವಾಗ ಕಣ್ಣಾರೆ ನೋಡಿಲ್ವಾ ನಾನು, ಇಂಥದೇ ಬಿಳೀ ದಾರ, ಇಂಥದೇ ಗಂಟು. ಈ ಕೋಣೆಯಲ್ಲೇ ಅಲ್ಲವೇ ಮಾವನ ತಾಯಿ ಚಿಕ್ಕಸಿದ್ದಮ್ಮ ಕೊನೇ ಬೇಸಿಗೆ ಮಲಗಿದ್ದು, ಆಗ ಏಸಿಯೂ ಇಲ್ಲ ಏನೂ ಇಲ್ಲ, ಪ್ರೇಮಾ ಒಸಿ ಬೀಸಣಿಗೆ ಬೀಸವ್ವಾ ಅಂತಿದ್ರು, ನಂಗೇನ್ ನಾಕು ಕೈಯಾ ಅಂದುಬುಟ್ಟೆ, ಪಾಪಿ ನಾನು, ಅವ್ರು ಬೆಂದು ಹೋದ ಜಾಗದಲ್ಲಿ ನಾವು ತಣ್ಣಗೆ ಮಲಗಿದ್ರೆ ಹೆಂಗೆ ತಡ್ಕಂಡಾರು, ಗಾಳಿ ನಿಲ್ಸವ್ರೆ ನೋಡಿ. ಬೆಟ್ಟಸ್ವಾಮಿಯ ಮೀಸೆ ಅದುರಿತು. ಮಾದೇಶ ಸ್ಟೂಲಿಂದಿಳಿದು ಕೈ ಮುಗಿದು, ಹಿಂದಿನ ದೊಡ್ಡೋರು ಸುಮ್‌ಸುಮ್ಕೆ ಬರಕಿಲ್ಲ ಕಣವ್ವಾ ಎಂದ.

ಅಳುತ್ತಲೇ ಎದ್ದ ಪ್ರೇಮಮ್ಮ ಸೆರಗೊಡ್ಡಿ ಲಾಡಿಯನ್ನು ಇಸಿದುಕೊಂಡರು, ಎರಡೂ ಕಣ್ಣಿಗೆ ಒತ್ತಿಕೊಂಡರು. ಅಯ್ಯಯ್ಯೋ, ಕಣ್ಣಿಗೆ, ಕಣ್ಣಿಗೇ ಒತ್ತಿಕೊಂಡುಬಿಟ್ಟರಲ್ಲ. ಮಠದ ಅಯ್ನೋರಿಗೆ ಹೇಳಿಕಳ್ಸಿ, ಅವ್ರು ಬಂದು ಶಾಂತಿ ಮಾಡೋಗಂಟ ನಾನು ತುತ್ತು ಮುಟ್ಟಲ್ಲ, ಇದನ್ನ ದೇವರ ಮನೇಲಿ ಇಡ್ತೀನಿ, ಇನ್ನು ಸಾಯೋಗಂಟ ಒಂದು ಫ್ಯಾನಿನ ಕೆಳಗೂ ಮಲಗಕಿಲ್ಲ. ಸುಮ್ಮನಿದ್ದರೆ ಆಯಿತು, ಯಾರಿಗೆ ಗೊತ್ತಾಗುತ್ತದೆ, ಲಾಡಿ ದೇವರ ಮನೆ ಸೇರುತ್ತದೆ, ವಿಭೂತಿ, ಬಿಲ್ವಪತ್ರೆ, ಪ್ರತಿ ಯುಗಾದಿಗೂ ತಾನೇ ಅದಕ್ಕೆ ಅಡ್ಡಬೀಳಬೇಕು, ಬಿದ್ದರಾಯಿತು, ಏನು ಗಂಟು ಹೋಗುತ್ತದೆ, ಮಾನ ಉಳಿಯಿತಲ್ಲ — ಆದರೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿದ ಅತ್ತೆ ಹಬ್ಬದ ದಿನ ಹಸಿದುಕೊಂಡು, ಮುದುಕಿಯ ಹೆಸರು ಹಿಡಿದು ಬಿಕ್ಕುತ್ತಿದ್ದಾರೆ, ಬರುವ ಬೇಸಿಗೆಗಳಲ್ಲೆಲ್ಲ ಗಾಳಿಯಿಲ್ಲದೆ ಬೇಯುತ್ತಾರೆ, ಅವನ ಚಡ್ಡಿಗಾಗಿ, ಸಂಕಟವಾಯಿತು ಅವನಿಗೆ, ನಿಜವಾದ ಸಂಕಟ, ಹಾಳಾಗಿ ಹೋಗಲಿ ಮಾನ, ತಟ್ಟೆ ಕೆಳಗಿಟ್ಟ, ಎದ್ದ, ಅತ್ತೇ, ಅದು ಶಿವದಾರ ಅಲ್ಲ, ನನ್ನ ಚಡ್ಡಿ ಲಾಡಿ. ಯಾರ ಗಂಟಲಿಂದ ಬಂತು ಈ ಮಾತು, ಇಷ್ಟು ಗಟ್ಟಿಯಾಗಿ, ಬೀದಿಗೇ ಕೇಳಿಸಿರಬೇಕು, ಮಾದೇಶನ ಮುಗಿದ ಕೈ ಮುಗಿದಂತೆಯೇ ಇದೆ, ಮಾವ ಗೋಡೆಯ ಕಡೆ ತಿರುಗಿಬಿಟ್ಟರು, ಆಶಾರಾಣಿ ಬಾಯಿಗೆ ಸೆರಗು ತುರುಕಿಕೊಂಡಳು, ಪ್ರೇಮಮ್ಮನ ಬಿಕ್ಕು ನಿಂತಿತು, ಆದರೆ ಕಣ್ಣ ಮೇಲಿನ ಕೈ ಇಳಿಯಲಿಲ್ಲ, ಕೈಯೊಳಗಿನ ಲಾಡಿಯೂ ಇಳಿಯಲಿಲ್ಲ, ಅದರ ಹಿಂದಿನಿಂದ ಮೆಲ್ಲಗೆ ಕೇಳಿದರು, ಒಗ್ದಿದ್ರಾ. ಒಗ್ದಿದ್ದೆ ಅತ್ತೆ, ಸೋಪು ಹಾಕಿ ಒಗ್ದೇ ಒಣಗ್ಹಾಕಿದ್ದು. ಭುಜ ಅಲುಗುತ್ತಿದೆ, ಅಳುವೋ, ನಗುವೋ, ತಿಳಿಯುತ್ತಿಲ್ಲ, ಕೈ ತೆಗೆದರೆ ಕಣ್ಣು ಬಿಡಬೇಕು, ಕಣ್ಣು ಬಿಟ್ಟರೆ ಅಳಿಯನ ಮುಖ ನೋಡಬೇಕು, ಅವರು ತೆಗೆಯುತ್ತಿಲ್ಲ, ಅವನು ಕೂರುತ್ತಿಲ್ಲ, ಲಾಡಿ, ಅತ್ತೆಯ ಕಣ್ಣಿನ ಮೇಲೆ, ಎರಡೂ ಕಣ್ಣಿನ ಮೇಲೆ, ಲಾಡಿ.