ಉಳಿದದ್ದು ನಾಲ್ಕು

ಅಭಿಜ್ಞಾ ಮೂವತ್ತೊಂಬತ್ತನ್ನು ಅಳಿಸಿ ಮೂವತ್ತಾರು ಎಂದು ಒತ್ತಿದಳು. ಕಂಪ್ಯೂಟರಿನ ಪರದೆಯ ಮೇಲೆ ಇಡೀ ಮನೆ ಒಮ್ಮೆ ಮಿಟುಕಿತು. ಮುಂದಿನ ಗೋಡೆ ಮೂರಡಿ ಹಿಂದೆ ಸರಿದು ನಿಂತಿತು, ಜಗಲಿ ಕಿರಿದಾಯಿತು, ಅಳತೆಯ ಅಂಕಿಗಳೆಲ್ಲ ತಮ್ಮಷ್ಟಕ್ಕೆ ತಾವೇ ಬದಲಾದವು.

"ಇಷ್ಟೇ," ಎಂದಳು.

ಇಷ್ಟೇ ಅಂತೆ! ಹಿಂದೆ ನಿಂತಿದ್ದ ಮಡಿವಾಳಪ್ಪನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಶಿರಸಿಯ ಈ ಎಂಜಿನಿಯರರ ಆಫೀಸಿನಲ್ಲಿ ಹದಿನೆಂಟು ವರ್ಷ ನಕ್ಷೆ ಬರೆದವನು ಅವನು. ಒಂದು ಮನೆಯನ್ನು ಮೂರಡಿ ಕುಗ್ಗಿಸಬೇಕೆಂದರೆ ಅರ್ಧ ಬ್ಲೇಡು ಹಿಡಿದು ಟ್ರೇಸಿಂಗ್ ಹಾಳೆಯ ಶಾಯಿಯನ್ನು ಹರಿಯದಂತೆ ಕೆರೆಯಬೇಕು, ಉಗುರಿನಿಂದ ತಿಕ್ಕಿ ನಯ ಮಾಡಬೇಕು, ಆಮೇಲೆ ಹೊಸ ಗೆರೆ ಎಳೆಯಬೇಕು. ನಾಲ್ಕು ದಿನದ ಕೆಲಸ. ಆ ನಾಲ್ಕು ದಿನವೂ ಎಂಜಿನಿಯರು ಶ್ರೀಧರ ಹೆಗಡೆಯವರು ಅವನ ಟೇಬಲ್ಲಿನ ಹತ್ತಿರ ಬಂದು ಬಂದು ಹೋಗುತ್ತಿದ್ದರು. ಈಗ ಉಮ್ಮಚಗಿಯ ಈ ಹುಡುಗಿ ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತು ಬಂದು, ಚಹಾ ಆರುವುದರೊಳಗೆ ಮುಗಿಸಿಬಿಡುತ್ತಾಳೆ.

ಹೆಗಡೆಯವರು ಒಳಗಿನಿಂದ ಬಂದು ಪರದೆಗೆ ಬಗ್ಗಿದರು. "ಚೊಲೋ ಆಜು ತಂಗಿ. ನಿನ್ನ ಅಪ್ಪಯ್ಯ ಸಿಕ್ಕಿರೆ ಹೇಳ್ತೆ ಆನು, ನಿಮ್ಮ ಕೂಸು ರಾಶಿ ಹುಷಾರಿದ್ದು ಹೇಳಿ."

ಹೊಗಳಿಕೆಯಷ್ಟೇ ಅಲ್ಲ, ಹೊಗಳಿದ ಭಾಷೆಯೂ ಉರಿಯಿತು. ಹಾನಗಲ್ಲ ಕಡೆಯಿಂದ ಬಂದ ಮಡಿವಾಳಪ್ಪನ ಜೊತೆ ಅವರು ಹದಿನೆಂಟು ವರ್ಷವೂ ಪೇಟೆಯ ಕನ್ನಡವನ್ನೇ ಆಡಿದ್ದರು. ಬಂದು ಎಂಟು ತಿಂಗಳಾಗದ ಇವಳಿಗೆ ಹವ್ಯಕರ ಮನೆಯ ಮಾತು! ಅವರ ಮನೆಯ ಮಾತು ಅವರದು ಎಂದು ಅವನಿಗೆ ಗೊತ್ತಿಲ್ಲವೆಂದಲ್ಲ. ಹೊಟ್ಟೆಕಿಚ್ಚು ಅಷ್ಟೆಲ್ಲ ನ್ಯಾಯ ಕೇಳುತ್ತದೆಯೇ?

ಹೆಗಡೆಯವರು ಹೊರಗೆ ಹೋದರು. "ಮಡಿವಾಳಪ್ಪಣ್ಣ, ನಾಳೆ ಬೆಳಿಗ್ಗೆ ಮೇಷ್ಟ್ರ ಸೈಟಲ್ಲಿ ಗೂಟ ಹೊಡೀಬೇಕು. ಪ್ರಿಂಟ್ ತೆಗೆಯೋ ಮೊದ್ಲು ಒಂದ್ಸಲ ನೋಡಿ ಹೇಳಿ," ಎಂದು ಅಭಿಜ್ಞಾ ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು.

ಮಡಿವಾಳಪ್ಪ ಕೂತು ಹುಡುಕಿದ. ನೋಡಲಿಲ್ಲ, ಹುಡುಕಿದ. ಗೋಡೆ ಸಪೂರವಾಗಿರಬೇಕು ಎಂದುಕೊಂಡ, ಆಗಿರಲಿಲ್ಲ. ಬಾಗಿಲು ಕುಗ್ಗಿರಬೇಕು, ಅದೂ ಮೂರೂವರೆ ಅಡಿ ಹಾಗೇ ಇತ್ತು. ಮೆಟ್ಟಿಲೂ ಸರಿ. ಸಿಟ್ಟು ಬಂತು. ಆಮೇಲೆ ಅಭ್ಯಾಸಬಲದಿಂದ ಉದ್ದ ಅಗಲ ಗುಣಿಸಿದ. ಮನೆಯ ಆಯ ನೋಡುವುದು ಆ ಆಫೀಸಿನಲ್ಲಿ ಅವನೊಬ್ಬನ ಕೆಲಸ. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು, ಬೆಸ ಉಳಿದರೆ ಒಳ್ಳೆಯ ಆಯ, ಸಮ ಉಳಿದರೆ ಕೆಟ್ಟದ್ದು. ಹಳೆಯ ಆಚಾರಿಯೊಬ್ಬನಿಂದ ಕಲಿತಿದ್ದ, ಯಾರಿಗೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೇಳು ಮೂವತ್ತಾರಲೆ ಒಂಬೈನೂರ ಎಪ್ಪತ್ತೆರಡು. ಉಳಿದದ್ದು ನಾಲ್ಕು. ಶ್ವಾನಾಯ.

ಅವನ ಎದೆ ಹಗುರಾಯಿತು. ಈ ಪೆಟ್ಟಿಗೆಗೆ ಗೊತ್ತಿಲ್ಲದ್ದೂ ಒಂದಿದೆ ಹಾಗಾದರೆ. ಮನೆ ಕಟ್ಟಿಸುವ ಮೇಷ್ಟ್ರು ಆಯ ಕೇಳದೆ ಬಿಡುವ ಆಸಾಮಿಯಲ್ಲ. ಕೇಳಲಿ, ನಾಲ್ಕು ಜನರ ಎದುರು ಕೇಳಲಿ.

"ಎಲ್ಲಾ ಬರೋಬ್ಬರಿ ಐತಿ. ತಗಿ ಪ್ರಿಂಟ್," ಎಂದು ಎದ್ದ.

ಮರುದಿನ ಎಂಟಕ್ಕೆಲ್ಲ ಯಲ್ಲಾಪುರ ರಸ್ತೆಯ ಬದಿಯ ಸೈಟಿನಲ್ಲಿ ಆಫೀಸಿನ ಮೂವರೂ ಮೇಷ್ಟ್ರೂ ಸೇರಿದ್ದರು. ಮಡಿವಾಳಪ್ಪ ಗೂಟ, ದಾರ, ಸುಣ್ಣದ ಪುಡಿ ತಂದಿದ್ದ. ರಸ್ತೆಗೆ ಜಾಗ ಬಿಡಬೇಕಾಗಿ ಬಂದು ಮೊದಲೇ ಬೇಜಾರಿನಲ್ಲಿದ್ದ ಮಂಜಪ್ಪ ಮೇಷ್ಟ್ರು ಚಿರೆಕಲ್ಲಿನ ಮೇಲೆ ನಕ್ಷೆ ಹರಡಿದರು. ನಾಲ್ಕು ಗೂಟ ಹೊಡೆದದ್ದಾಯಿತು. ಅಷ್ಟರಲ್ಲಿ ಮೇಷ್ಟ್ರು ಕಡ್ಡಿಯಿಂದ ಮಣ್ಣಿನಲ್ಲಿ ಲೆಕ್ಕ ಹಾಕತೊಡಗಿದ್ದರು. ಹಾಕಿದರು, ಒರೆಸಿದರು, ಮತ್ತೆ ಹಾಕಿದರು.

"ಎಂತದ್ರೀ ಹೆಗಡೇರೆ ಇದು? ನಾಕು ಉಳೀತದೆ. ನಾಯಿ ಆಯದ ಮನೇಲಿ ನಾ ಇರ್ಬೇಕಾ ಮಾರಾಯ್ರೆ? ದಿನಾ ಜಗಳ ಆಗ್ಲಿ ಅಂತನಾ?"

ಹೆಗಡೆಯವರು ಅಭಿಜ್ಞಾಳ ಕಡೆ ತಿರುಗಿದರು. "ಎಂತ ತಂಗಿ, ಆಯ ನೋಡ್ಸಿದ್ದಿಲ್ಯ?"

"ಆಯ ಹೇಳಿರೆ ಎಂತ ಹೇಳೇ ಯಂಗೆ ಗೊತ್ತಿಲ್ಲೆ ಸರ್," ಎಂದಳು ಅವಳು. ಮುಖ ಕೆಂಪಾಗಿತ್ತು.

ಮಡಿವಾಳಪ್ಪ ದಾರದ ಉಂಡೆ ಸುತ್ತುತ್ತ ನಿಂತಿದ್ದ. ರಾತ್ರಿಯೆಲ್ಲ ಕಾದದ್ದು ಇದಕ್ಕೇ. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ?

ಮೇಷ್ಟ್ರು ಕನ್ನಡಕ ಏರಿಸಿ ನಕ್ಷೆಯ ಬಲಮೂಲೆಯನ್ನು ಓದಿದರು. "ಗೊತ್ತಿಲ್ಲದಿದ್ದವ್ಳನ್ನ ಬಯ್ದು ಎಂತ ಮಾಡ್ತ್ರಿ? ಪರಿಶೀಲಿಸಿದವರು, ಮಡಿವಾಳಪ್ಪ ಶಿವಪ್ಪ ಹೊಸಮನಿ. ನೀನೇ ಅಲ್ವನಾ?"

ಆ ಮೂಲೆಯಲ್ಲಿ ಹದಿನೆಂಟು ವರ್ಷ ಅವನು ಬರೆದದ್ದು ಮೂರೇ ಅಕ್ಷರ, ತನ್ನ ಹೆಸರಿನ ಮೊದಲಕ್ಷರಗಳು. ಅವುಗಳ ಜಾಗದಲ್ಲಿ ಅವಳ ಹೆಸರು ಬಂದ ಮೇಲೆ ಅವನು ಆ ಮೂಲೆಗೆ ಕಣ್ಣು ಹಾಯಿಸುವುದನ್ನೇ ಬಿಟ್ಟಿದ್ದ. ಈಗ ಬಗ್ಗಿ ನೋಡಿದ. ಅವಳ ಹೆಸರಿನ ಮೇಲ್ಗಡೆ ಅವಳೇ ಹಾಕಿದ ಹೊಸದೊಂದು ಚೌಕ. ಅದರಲ್ಲಿ ಅವನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ದಪ್ಪ ಅಕ್ಷರದಲ್ಲಿ.

"ಮಡಿವಾಳಪ್ಪ, ನೀನು ನೋಡಿದ್ಯಾ?" ಹೆಗಡೆಯವರು ಕೇಳಿದರು.

"ನೋಡೀನ್ರಿ ಸರ್. ಆಯದ ಕಡೆ ಲಕ್ಷ್ಯ ಹೋಗಲಿಲ್ರಿ."

"ನಿಂಗಾ ಆಯ ಕಾಣ್ದೇ ಹೋದದ್ದು?" ಎಂದರು ಅವರು. ಬೈದಿದ್ದರೆ ಚೆನ್ನಾಗಿತ್ತು ಎಂದು ಮಡಿವಾಳಪ್ಪನಿಗೆ ಅನಿಸಿತು.

"ಒಂದಡಿ ಹಿಂದ ತಗೊಂಡ್ರ ಆತ್ರಿ. ಮೂವತ್ತೈದಕ್ಕ ಒಂದು ಉಳಿತೈತಿ. ಧ್ವಜಾಯ," ಎಂದ. ಮೇಷ್ಟ್ರು ಮಣ್ಣಿನಲ್ಲಿ ಮತ್ತೆ ಭಾಗಿಸಿ ತಲೆಯಾಡಿಸಿದರು. ಹೆಗಡೆಯವರು ಅವರನ್ನು ಚಹಾಕ್ಕೆ ಕರೆದುಕೊಂಡು ಎದುರಿನ ಅಂಗಡಿಗೆ ಹೋದರು.

ಮಡಿವಾಳಪ್ಪ ಮುಂದಿನ ಗೂಟಗಳನ್ನು ಕಿತ್ತು ಒಂದಡಿ ಒಳಗೆ ಹೊಡೆದ. ದಾರದ ಇನ್ನೊಂದು ತುದಿ ಅಭಿಜ್ಞಾಳ ಕೈಯಲ್ಲಿತ್ತು.

"ಮಡಿವಾಳಪ್ಪಣ್ಣ," ಎಂದಳು ಅವಳು ಅಲ್ಲಿಂದಲೇ, ದನಿ ಏರಿಸದೆ. "ನಿನ್ನೆ ಕಂಪ್ಯೂಟರ್ ಮುಂದೆ ಕೂತಾಗ ನಿಮ್ಮ ತುಟಿ ಆಡ್ತಾ ಇತ್ತು. ಎಂತದೋ ಮಂತ್ರ ಹೇಳ್ಕೊಳ್ತಾರೆ ಅಂದ್ಕಂಡೆ. ಆಯದ ಲೆಕ್ಕನಾ ಅದು?"

ಅವನು ಗೂಟಕ್ಕೆ ದಾರ ಸುತ್ತಿದ. ಒಂದು ಸುತ್ತು ಸಾಕಾಗಿತ್ತು, ಮೂರು ಸುತ್ತು ಸುತ್ತಿದ. ಅವಳು ಇನ್ನೂ ನೋಡುತ್ತಲೇ ಇದ್ದಳು.

"ಬಿಗಿ ಹಿಡಿ ತಂಗಿ," ಎಂದ ಕೊನೆಗೆ. "ಇಪ್ಪತ್ತೇಳು ಮೂವತ್ತೈದಲೆ ಎಷ್ಟು?"

ಅವಳು ಲೆಕ್ಕ ಹಾಕುವಷ್ಟು ಹೊತ್ತು ಅವನು ಹಳೆಯ ಗೂಟದ ತೂತಿಗೆ ಕಾಲಿನಿಂದ ಮಣ್ಣು ಎಳೆದು ತುಳಿಯುತ್ತಿದ್ದ. ತೂತು ಮುಚ್ಚಿತು. ತುಳಿದಷ್ಟೂ ಆ ಜಾಗದ ಹಸಿ ಮಣ್ಣು ಮಾತ್ರ ಬೇರೆಯಾಗಿ ಕಾಣುತ್ತಿತ್ತು.