ಮುಟ್ಟದೆ ನೋಡತಕ್ಕದ್ದು

೧
ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ. ಸರ್ಕಾರದ ಆದೇಶದಿಂದ ಶುರುಮಾಡಿದರೆ ಆಕಳಿಸುತ್ತೀರಿ. ರಕ್ತದಿಂದ ಶುರುಮಾಡಿದರೆ ಪುಟ ತಿರುವುತ್ತೀರಿ. (ತಟ್ಟೆಗೆ ಬಂದಾಗ ಮಾತ್ರ ಯಾರೂ ಮುಖ ತಿರುಗಿಸುವುದಿಲ್ಲ, ಬಿಡಿ.)

ಹೋಗಲಿ, ಒಂದು ಕೈಯಿಂದ ಶುರುಮಾಡುತ್ತೇನೆ. ಮಾಂಸದ ಕಾರ್ಖಾನೆಯಲ್ಲಿ ಸರ್ಕಾರದ ಪರವಾಗಿ ನಿಂತಿರುವ ಡಾಕ್ಟರಮ್ಮನ ಕೈ. ಕೊಕ್ಕೆಗೆ ನೇತುಹಾಕಿದ ಕುರಿಗಳು ಲೈನಿನಲ್ಲಿ ಸಾಗಿ ಬರುತ್ತವೆ. ಆಕೆ ಒಂದೊಂದರ ಲಿವರನ್ನೂ ಅಂಗೈಯಲ್ಲಿ ಹಿಡಿದು ಅಮುಕಿ ನೋಡುತ್ತಾಳೆ. ಮೇಲೆ ನುಣ್ಣಗಿದ್ದರೂ ಒಳಗಿನ ಕೀವಿನ ಗಂಟು ಬೆರಳಿಗೆ ಸಿಗುತ್ತದೆ. ಸಿಕ್ಕರೆ ಕೆಂಪು ಗುಂಡಿ ಒತ್ತಿ ಲೈನು ನಿಲ್ಲಿಸುತ್ತಾಳೆ.

ತಪ್ಪಾಯಿತು. ನಿಲ್ಲಿಸುತ್ತಿದ್ದಳು. (ತಿದ್ದಿದ್ದು ನಾನಲ್ಲ, ಸರ್ಕಾರ.)

೨
ನಿಯಮವನ್ನು 'ಅಪ್‌ಡೇಟ್' ಮಾಡಿದರಂತೆ. ಇನ್ನು ಡಾಕ್ಟರು ಮುಟ್ಟುವಂತಿಲ್ಲ, ದೂರದಿಂದ ನೋಡಬೇಕು. ಮುಟ್ಟುವುದು, ತೆಗೆದುಹಾಕುವುದು, ಲೈನು ನಿಲ್ಲಿಸುವುದು ಎಲ್ಲ ಕಂಪನಿಯ ಸೂಪರ್‌ವೈಸರ್ ಕೆಲಸ. ಕಳ್ಳನ ಕೈಗೇ ಕೀಲಿ! ಲೈನಿನ ವೇಗವೂ ದುಪ್ಪಟ್ಟು. ಆ ಸೂಪರ್‌ವೈಸರ್ ಡಾಕ್ಟರಮ್ಮನ ಸ್ವಂತ ಭಾವ, ಅಕ್ಕನ ಗಂಡ. (ಹುಬ್ಬೇರಿಸಬೇಡಿ. ಊರಿಗೆ ಇರುವುದೇ ಒಂದು ಕಾರ್ಖಾನೆ.)

ಅಭ್ಯಾಸಬಲ, ಇವತ್ತು ಕೈ ತಾನಾಗಿ ಚಾಚಿಕೊಂಡಿತು. ಗಂಟು ಸಿಕ್ಕಿತು.

"ಭಾವ, ಲೈನ್ ನಿಲ್ಸಿ. ಇದರೊಳಗೆ ಕೀವಿದೆ. ಹಿಂದೆ ಬರ್ತಿರೋವೂ ಇದೇ ಮಂದೆ ಕುರಿಗಳು."

"ಮುಟ್ಟಿದ್ಯಾ? ಅಯ್ಯೋ, ನಿನಗೇನು ತಲೆ ಕೆಟ್ಟಿದ್ಯೇನಮ್ಮ? ಲೈನ್ ನಿಂತ್ರೆ ನನ್ನ ಕೆಲಸ ಹೋಗುತ್ತೆ. ನಿಮ್ಮಕ್ಕನ ಮುಖ ನೋಡಾದ್ರೂ ಸುಮ್ನಿರು."

"ಕಣ್ಣಿಗೆ ಕಾಣಲ್ಲ ಭಾವ, ಒಳಗಿದೆ!"

"ಕಾಣಲ್ಲ ಅಂದ್ಮೇಲೆ ಇಲ್ಲ. ರೂಲ್ಸೇ ಹಂಗಿದೆ."

೩ (ಹರಿದುಹಾಕಿದ್ದು)
ಮಂತ್ರಿಗಳು ಬಂದರು, ಕಣ್ಣೀರಿಟ್ಟರು, ಆದೇಶ ವಾಪಸ್ ಪಡೆದರು. ಥೂ, ಬರೆದ ನನಗೇ ನಗು ಬಂತು.

೩ (ಇನ್ನೊಂದು ಸಲ)
ಡಾಕ್ಟರಮ್ಮ ಭಾವನ ಮಾತಿಗೆ ಮಣಿದಳು. ಆ ಮಾಂಸ ತಿಂದ ಒಂದು ಮಗು...

ಅಷ್ಟರಲ್ಲಿ ಡಾಕ್ಟರಮ್ಮ ನನ್ನ ಪೆನ್ನಿಗೇ ಕೈಹಾಕಿದಳು.

"ಸಾಯ್ಸ್ತೀರಾ? ಹೆಣ ಬೀಳೋ ತನಕ ರೂಲ್ಸ್ ಬದಲಾಯ್ಸಲ್ಲ ಅಂತಾರೆ ಅವರು. ಹೆಣ ಬೀಳೋ ತನಕ ಕತೆ ಆಗಲ್ಲ ಅಂತೀರಿ ನೀವು. ಏನ್ರೀ ವ್ಯತ್ಯಾಸ?"

ನನಗೆ ಉರಿದುಹೋಯಿತು. ನಾನೇ ಹುಟ್ಟಿಸಿದ ಪಾತ್ರ, ನನಗೇ ಬುದ್ಧಿ ಹೇಳುವುದಾ! ಆಮೇಲೆ ನಾಚಿಕೆಯಾಯಿತು. ನಿಮ್ಮ ಕರುಳು ಚುರ್ ಎನ್ನಲಿ ಎಂದು ಆ ಮಗುವಿಗೆ ಆಗಲೇ ಬಿಳಿ ಸಾಕ್ಸ್ ಹಾಕಿಟ್ಟಿದ್ದೆ.

"ಸರಿ ತಾಯಿ, ನೀವೇ ಹೇಳಿ. ಗುಂಡಿ ಒತ್ತಿದ್ರೆ ನಿಮ್ಮ ಕೆಲಸವೂ ಹೋಗುತ್ತೆ, ಅಕ್ಕನ ಮನೆ ಒಲೆಯೂ ಉರಿಯಲ್ಲ. ಒತ್ತದಿದ್ರೆ ಯಾರದೋ ಮಗು. ಹೇಗೆ ಮುಗಿಸ್ಲಿ?"

"ಮುಗಿಸೋಕೆ ನಿಮಗ್ಯಾಕ್ರೀ ಇಷ್ಟು ಅವಸರ? ನನ್ನ ಕೈ ನೋಡಿ, ಇನ್ನೂ ಇಲ್ಲೇ ಇದೆ."

ಹೌದು, ಆ ಲಿವರನ್ನು ಆಕೆ ಬಿಟ್ಟೇ ಇಲ್ಲ. ಲೈನು ಎಳೆಯುತ್ತಿದೆ. ಒಂದು ಕೈಯಲ್ಲಿ ಅದನ್ನು ಹಿಡಿದೇ ಆಕೆ ಜೊತೆಜೊತೆಗೆ ಓಡುತ್ತಿದ್ದಾಳೆ, ಇನ್ನೊಂದು ಕೈ ಗುಂಡಿಯ ಕಡೆ. "ಬಿಡೇ, ನಿನ್ನ ದಮ್ಮಯ್ಯ, ಬಿಡೇ" ಎಂದು ಭಾವ ಕೂಗುತ್ತಿದ್ದಾನೆ. ಅವನ ಕಣ್ಣಲ್ಲೂ ನೀರಿದೆ.

ನಾನಿಲ್ಲಿ ಮುಗಿಸಿದರೆ ಆ ಕೈ ಸೋಲುತ್ತದೆ, ಲಿವರು ಪ್ಯಾಕಾಗಿ ನಿಮ್ಮ ಅಂಗಡಿಗೆ ಬರುತ್ತದೆ. ಮುಗಿಸುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ. ಹೋಗಿ, ಅಡುಗೆಗೆ ಹೊತ್ತಾಯಿತು. ಚೆನ್ನಾಗಿ ನೋಡಿ ತನ್ನಿ. ನಿಮಗೂ ನೋಡಲು ಮಾತ್ರ ಅಪ್ಪಣೆ.